ಫೋಟೋವನ್ನು ಎರಡೇ ಬಣ್ಣಕ್ಕೆ ಇಳಿಸುವುದು ಹೇಗೆ?

ನವೆಂಬರ್ ಹತ್ತಿರ ಬಂತೆಂದರೆ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳಿಗೆ ಕೈತುಂಬ ಕೆಲಸ. ರಾಜ್ಯೋತ್ಸವಕ್ಕೆ ಹಳದಿ ಟೀಶರ್ಟ್ ಬೇಕು, ಅದರ ಮೇಲೆ ಕೆಂಪಿನಲ್ಲಿ ಕುವೆಂಪು ಅವರದೋ ರಾಜ್‌ಕುಮಾರ್ ಅವರದೋ ಮುಖ ಬೇಕು. ಆಟೋದವರಿಗೆ ಶಂಕರ್‌ನಾಗ್ ಸ್ಟಿಕರ್ ಬೇಕು. ಮನೆಯವರಿಗೆ ಅಜ್ಜನ ಎಂಬತ್ತನೇ ಹುಟ್ಟುಹಬ್ಬಕ್ಕೆ ಅವರದೇ ಚಿತ್ರದ ಚೀಲ ಬೇಕು. ಎಲ್ಲರೂ ಮೊಬೈಲಿನಲ್ಲಿ ಒಂದು ಫೋಟೋ ಹಿಡಿದುಕೊಂಡು ಹೋಗುತ್ತಾರೆ. ಅಂಗಡಿಯವರು ಹೇಳುವುದು ಒಂದೇ ಮಾತು: "ಫೋಟೋ ಹಿಂಗೇ ಕೊಟ್ರೆ ಆಗಲ್ಲ. ಟೂ ಕಲರ್ ಮಾಡಿಸ್ಕೊಂಡು ಬನ್ನಿ."

ಈ ಟೂ ಕಲರ್ ಫೈಲ್ ಮಾಡಲು ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಕಿಲ್ಲ. ಗಿಂಪ್ ಮತ್ತು ಇಂಕ್‌ಸ್ಕೇಪ್ ಎಂಬ ಎರಡು ಉಚಿತ ಸಾಫ್ಟ್‌ವೇರ್ ಸಾಕು. ಬಟನ್ ಒತ್ತುವುದು ಕಷ್ಟವಲ್ಲ. ಒತ್ತಿದರೆ ಒಳಗೆ ಏನಾಗುತ್ತದೆ ಎಂದು ಗೊತ್ತಿರಬೇಕು. ಅದು ಗೊತ್ತಿಲ್ಲದಿದ್ದರೆ ಅಜ್ಜನ ಮುಖದ ಬದಲು ಕಪ್ಪು ಮಚ್ಚೆಗಳ ಗುಂಪು ಬರುತ್ತದೆ.

ಫೋಟೋ ಹಾಗೇ ಯಾಕೆ ಆಗಲ್ಲ?

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದು ಚೌಕಟ್ಟಿಗೆ ತೆಳುವಾದ ಜಾಲರಿ ಬಟ್ಟೆ ಬಿಗಿದಿರುತ್ತಾರೆ. ಅದಕ್ಕೆ ಬೆಳಕು ತಾಗಿದರೆ ಗಟ್ಟಿಯಾಗುವ ಒಂದು ದ್ರಾವಣ ಬಳಿಯುತ್ತಾರೆ. ನಿಮ್ಮ ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ಕಪ್ಪಾಗಿ ಮುದ್ರಿಸಿ, ಅದನ್ನು ಜಾಲರಿಗೆ ಅಂಟಿಸಿ ಬೆಳಕು ಬಿಡುತ್ತಾರೆ. ಕಪ್ಪು ಇದ್ದ ಕಡೆ ಬೆಳಕು ಹೋಗುವುದಿಲ್ಲ. ಅಲ್ಲಿ ದ್ರಾವಣ ಮೆತ್ತಗೇ ಉಳಿದು, ನೀರು ಹಾಕಿದಾಗ ತೊಳೆದುಹೋಗುತ್ತದೆ. ಆ ತೂತುಗಳಿಂದ ಇಂಕ್ ಇಳಿದು ಬಟ್ಟೆಗೆ ತಾಗುತ್ತದೆ.

ಇಲ್ಲಿ ಅರ್ಧ ಇಂಕ್ ಅನ್ನುವುದಿಲ್ಲ. ಇಂಕ್ ಇಳಿಯುತ್ತದೆ, ಇಲ್ಲವೇ ಇಳಿಯುವುದಿಲ್ಲ. ಪತ್ರಿಕೆಯಲ್ಲಿ ಫೋಟೋ ಅಚ್ಚು ಮಾಡುವ ಹಾಗೆ ಸಣ್ಣ ಸಣ್ಣ ಚುಕ್ಕಿಗಳಿಂದ ತಿಳಿಬಣ್ಣದ ಭ್ರಮೆ ಹುಟ್ಟಿಸಬಹುದು ನಿಜ. ಆದರೆ ಅದಕ್ಕೆ ಜಾಸ್ತಿ ಕುಶಲತೆ ಬೇಕು. ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ ಬೇಕಾಗುವುದರಿಂದ ಬಣ್ಣ ಹೆಚ್ಚಿದಷ್ಟೂ ಖರ್ಚು ಹೆಚ್ಚುತ್ತದೆ. ಹಾಗಾಗಿಯೇ ಎರಡು ಬಣ್ಣ. ಅದರಲ್ಲೂ ಒಂದು ಇಂಕಿನದು, ಇನ್ನೊಂದು ಬಟ್ಟೆಯದೇ ಬಣ್ಣ.

ಸ್ಟಿಕರ್ ಕತೆಯೂ ಇದೇ. ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸುವ ಯಂತ್ರದಲ್ಲಿ ಇರುವುದು ಒಂದು ಸಣ್ಣ ಬ್ಲೇಡ್. ಅದಕ್ಕೆ ಓಡಲು ಒಂದು ಗೆರೆ ಬೇಕು. ಕೆನ್ನೆಯ ಬೆಳಕು ಮೆಲ್ಲಗೆ ನೆರಳಾಗುವ ಜಾಗದಲ್ಲಿ ಗೆರೆ ಎಲ್ಲಿದೆ? ಫೋಟೋದಲ್ಲಿ ಇಲ್ಲದ ಆ ಗೆರೆಯನ್ನು ನಾವೇ ಹುಟ್ಟಿಸಿ ಕೊಡಬೇಕು.

ಮೊದಲು ತೀರ್ಮಾನಿಸಿ: ಪೂರ್ತಿ ನೆರಳೋ, ನೆರಳು ಬೆಳಕಿನ ಮುಖವೋ

ಇಂಥ ಎರಡು ಬಣ್ಣದ ನೆರಳುಚಿತ್ರವನ್ನು ಸಿಲೂಯೆಟ್ ಎಂದು ಹೇಳುವಾಗ ಜನ ಎರಡು ಬೇರೆ ಬೇರೆ ಚಿತ್ರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಎರಡನ್ನೂ ಮಾಡುವ ದಾರಿ ಬೇರೆ.

ಒಂದು, ಹೊರ ಆಕಾರ ಮಾತ್ರ ಕಾಣುವ ಪೂರ್ತಿ ನೆರಳು. ಒಳಗೆ ಕಣ್ಣಿಲ್ಲ, ಮೂಗಿಲ್ಲ, ಬಟ್ಟೆಯ ಮಡಿಕೆಯಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಲಾಂಛನದಲ್ಲಿ ಚೆಂಡು ಬಡಿಯುತ್ತಾ ಓಡುವ ಬಿಳಿ ಆಕೃತಿ ಇದೆಯಲ್ಲ, ಅದು ಈ ಬಗೆಯದು. 1969ರಲ್ಲಿ ಅಲನ್ ಸೀಗಲ್ ಎಂಬ ವಿನ್ಯಾಸಕಾರ ಆಟಗಾರ ಜೆರಿ ವೆಸ್ಟ್ ಅವರ ಒಂದು ಫೋಟೋ ಇಟ್ಟುಕೊಂಡು ಅದನ್ನು ರೂಪಿಸಿದರು. ಮುಖದ ಗುರುತೇ ಇಲ್ಲದಿದ್ದರೂ ಮೈ ವಾಲಿದ ರೀತಿಯಲ್ಲೇ ಆಟ ಕಾಣುತ್ತದೆ.

ಇನ್ನೊಂದು, ಮುಖದ ನೆರಳಿನ ಭಾಗ ಕಪ್ಪಾಗಿ, ಬೆಳಕಿನ ಭಾಗ ಬಿಳಿಯಾಗಿ ಉಳಿದ ಚಿತ್ರ. ಟೀಶರ್ಟ್‌ಗಳಲ್ಲಿ ಕಾಣುವ ಚೆ ಗೆವಾರಾ ಮುಖ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 1960ರ ಮಾರ್ಚ್ 5ರಂದು ಹವಾನಾದಲ್ಲಿ ಆಲ್ಬರ್ಟೋ ಕೊರ್ಡಾ ಆ ಫೋಟೋ ತೆಗೆದರು. ಮೂಲ ಚಿತ್ರದಲ್ಲಿ ಒಂದು ಬದಿಗೆ ಇನ್ನೊಬ್ಬರ ಮುಖ, ಮತ್ತೊಂದು ಬದಿಗೆ ಮರದ ಎಲೆಗಳು ಇದ್ದವು. ಅವನ್ನು ಕತ್ತರಿಸಿ ಮುಖ ಮಾತ್ರ ಉಳಿಸಿದರು. 1968ರಲ್ಲಿ ಐರ್ಲೆಂಡಿನ ಕಲಾವಿದ ಜಿಮ್ ಫಿಟ್ಸ್‌ಪ್ಯಾಟ್ರಿಕ್ ಅದನ್ನು ಕಪ್ಪು ಕೆಂಪಿನ ಪೋಸ್ಟರ್ ಮಾಡಿದರು. ಆಗ ಮನೆಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕೈಯಲ್ಲಿ ಬಿಡಿಸಬೇಕಿತ್ತು, ಇಲ್ಲವೇ ನಡುವಿನ ಬೂದು ಬಣ್ಣಗಳನ್ನೆಲ್ಲ ನುಂಗಿಹಾಕುವ ವಿಶೇಷ ಫಿಲ್ಮ್ ಬಳಸಿ ಕತ್ತಲೆ ಕೋಣೆಯಲ್ಲಿ ಮಾಡಬೇಕಿತ್ತು. ಆ ಫಿಲ್ಮ್ ಮಾಡುತ್ತಿದ್ದ ಕೆಲಸವನ್ನೇ ಈಗ ಸಾಫ್ಟ್‌ವೇರ್ ಮಾಡುತ್ತದೆ.

ಟೀಶರ್ಟ್, ಸ್ಟಿಕರ್ ಕೇಳುವವರಿಗೆ ಬೇಕಾಗುವುದು ಹೆಚ್ಚಾಗಿ ಈ ಎರಡನೆಯದೇ. ಅದನ್ನೇ ಮೊದಲು ನೋಡೋಣ.

ಒಂದೇ ಪ್ರಶ್ನೆ ಕೇಳುವ ಥ್ರೆಶೋಲ್ಡ್

ಡಿಜಿಟಲ್ ಫೋಟೋ ಎಂದರೆ ಪಿಕ್ಸೆಲ್ ಎಂಬ ಸಣ್ಣ ಚೌಕಗಳ ಸಾಲು. ಚಿತ್ರವನ್ನು ಕಪ್ಪು ಬಿಳುಪು ಮಾಡಿದಾಗ ಪ್ರತಿ ಚೌಕಕ್ಕೂ 0ಯಿಂದ 255ರ ಒಳಗಿನ ಒಂದು ಅಂಕಿ ಇರುತ್ತದೆ. 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳಿ. ನಡುವೆ ಇರುವುದೆಲ್ಲ ಬೇರೆ ಬೇರೆ ಗಾಢತೆಯ ಬೂದು.

ಥ್ರೆಶೋಲ್ಡ್ ಎಂಬ ಆಯ್ಕೆ ಪ್ರತಿ ಪಿಕ್ಸೆಲ್‌ಗೂ ಒಂದೇ ಪ್ರಶ್ನೆ ಕೇಳುತ್ತದೆ: ನೀನು ಈ ಅಂಕಿಗಿಂತ ಮೇಲೋ ಕೆಳಗೋ? ಬಸ್ಸಿನಲ್ಲಿ ಮಗುವನ್ನು ಕಂಬದ ಗೆರೆಗೆ ನಿಲ್ಲಿಸಿ ಹಾಫ್ ಟಿಕೆಟ್ಟೋ ಫುಲ್ ಟಿಕೆಟ್ಟೋ ಎಂದು ತೀರ್ಮಾನಿಸುವ ಹಾಗೆ. ಗೆರೆಗಿಂತ ಒಂದು ಕೂದಲೆಳೆ ಮೇಲಿದ್ದರೂ ಫುಲ್ಲೇ, ಮುಕ್ಕಾಲು ಟಿಕೆಟ್ ಎನ್ನುವುದಿಲ್ಲ. ಫೋಟೋಶಾಪ್ ಈ ಗೆರೆಯನ್ನು ಶುರುವಿನಲ್ಲಿ 128ಕ್ಕೆ ಇಟ್ಟಿರುತ್ತದೆ, ಅಂದರೆ ಸರಿಯಾಗಿ ಮಧ್ಯಕ್ಕೆ. 127 ಇದ್ದ ಪಿಕ್ಸೆಲ್ ಕಪ್ಪಾಗುತ್ತದೆ, ಅದರ ಪಕ್ಕದ 128 ಬಿಳಿಯಾಗುತ್ತದೆ. ಕಣ್ಣಿಗೆ ಇವೆರಡರ ನಡುವೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಈ ಗೆರೆಯನ್ನು ಮೆಲ್ಲಗೆ ಸರಿಸಿ ನೋಡಿದರೆ ಎಲ್ಲ ಅರ್ಥವಾಗುತ್ತದೆ. ಒಂದು ಕಡೆಯಿಂದ ಬೆಳಕು ಬಿದ್ದ ಮುಖವೊಂದನ್ನು ತೆಗೆದುಕೊಳ್ಳಿ. ಗೆರೆ 60ರಲ್ಲಿದ್ದಾಗ ಬಹುಶಃ ಕೂದಲು, ಹುಬ್ಬು, ಕಣ್ಣುಗುಡ್ಡೆ, ಮೀಸೆ ಇಷ್ಟೇ ಕಪ್ಪು. ಮುಖಕ್ಕೆ ಅಂಚೇ ಇಲ್ಲ. 100ರ ಹತ್ತಿರ ಬಂದಾಗ ಮೂಗಿನ ಪಕ್ಕದ ನೆರಳು ಮೂಡುತ್ತದೆ, ಕೆಳತುಟಿಯ ಕೆಳಗೊಂದು ಸಣ್ಣ ಕಪ್ಪು ಬರುತ್ತದೆ, ಬೆಳಕಿಲ್ಲದ ಕಡೆಯ ಕೆನ್ನೆ ತುಂಬಿಕೊಳ್ಳುತ್ತದೆ. ಮನುಷ್ಯ ಥಟ್ಟನೆ ಎದ್ದು ಬರುವುದು ಇಲ್ಲೇ. 130 ದಾಟಿದರೆ ಅರ್ಧ ಮುಖ ಮುಳುಗುತ್ತದೆ. 170ಕ್ಕೆ ಹಣೆಯ ತುದಿ, ಮೂಗಿನ ಏಣು ಮಾತ್ರ ಬಿಳಿ ಉಳಿಯುತ್ತವೆ. ಈ ಅಂಕಿಗಳು ಫೋಟೋದಿಂದ ಫೋಟೋಗೆ ಬದಲಾಗುತ್ತವೆ. ಹಾಗಾಗಿ ಯಾವುದೋ ವಿಡಿಯೋದಲ್ಲಿ ಹೇಳಿದ ಅಂಕಿಯನ್ನು ಸುಮ್ನೆ ಹಾಕಿದರೆ ಸಿಗುವುದು ಬೇರೆಯದೇ ಚಿತ್ರ.

ಗೆರೆ ಎಲ್ಲಿ ಹಾಕಬೇಕೆಂದು ಕಂಪ್ಯೂಟರ್ ತಾನೇ ಲೆಕ್ಕ ಹಾಕುವ ವಿಧಾನವೂ ಇದೆ. ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಕೊಟ್ಟ ಲೆಕ್ಕ ಅದರಲ್ಲಿ ಪ್ರಸಿದ್ಧ. ಪಿಕ್ಸೆಲ್‌ಗಳನ್ನು ಎರಡು ಗುಂಪು ಮಾಡಿ, ಆ ಗುಂಪುಗಳು ಒಂದಕ್ಕೊಂದು ಆದಷ್ಟು ದೂರ ಇರುವಂತೆ ಗೆರೆ ಹುಡುಕುವುದು ಅದರ ದಾರಿ. ಮುದ್ರಿತ ಅಕ್ಷರಗಳನ್ನು ಕಾಗದದಿಂದ ಬೇರ್ಪಡಿಸಲು ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಖಕ್ಕೆ ಅಷ್ಟಾಗಿ ಅಲ್ಲ. ಹುಬ್ಬು ಮುಖ್ಯ, ಹಿಂದಿನ ಗೋಡೆ ಮುಖ್ಯವಲ್ಲ ಎಂಬುದು ಆ ಲೆಕ್ಕಕ್ಕೆ ಗೊತ್ತಿಲ್ಲ.

ಒಟ್ಟಿನಲ್ಲಿ ಥ್ರೆಶೋಲ್ಡ್‌ಗೆ ತನ್ನದೇ ಬುದ್ಧಿ ಇಲ್ಲ. ಅದಕ್ಕೆ ಕೊಡುವ ಬೂದು ಚಿತ್ರ ಹೇಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮುಕ್ಕಾಲು ಪಾಲು ಕೆಲಸ ಆ ಬಟನ್ ಒತ್ತುವ ಮೊದಲೇ ಮುಗಿದಿರಬೇಕು.

ಯಾವ ಫೋಟೋ ಆರಿಸಬೇಕು

ಕಿಟಕಿಯ ಪಕ್ಕ ಕೂರಿಸಿ ತೆಗೆದ ಫೋಟೋ ಚಿನ್ನದಂಥದ್ದು. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ನೆರಳು ಇದ್ದರೆ ಗೆರೆ ಎಳೆಯಲು ಜಾಗ ಸಿಗುತ್ತದೆ. ಮುಖಕ್ಕೆ ನೇರ ಫ್ಲ್ಯಾಶ್ ಹೊಡೆದ ಫೋಟೋದಲ್ಲಿ ನೆರಳೇ ಇರುವುದಿಲ್ಲ. ಅದನ್ನು ಎರಡು ಬಣ್ಣ ಮಾಡಿದರೆ ಬಿಳಿ ಬಯಲಿನಲ್ಲಿ ಎರಡು ಕಣ್ಣು, ಎರಡು ಮೂಗಿನ ಹೊಳ್ಳೆ ಮಾತ್ರ ಉಳಿಯುತ್ತವೆ.

ಈಗಿನ ಮೊಬೈಲ್‌ಗಳಲ್ಲಿ ಎಚ್‌ಡಿಆರ್ ಎಂಬ ವ್ಯವಸ್ಥೆ ಇರುತ್ತದೆ. ಅದು ಕತ್ತಲೆಯ ಭಾಗವನ್ನು ಬೆಳಗಿಸಿ, ಅತಿ ಬೆಳಕಿನ ಭಾಗವನ್ನು ತಗ್ಗಿಸುತ್ತದೆ. ನೋಡಲು ಚೆಂದ, ಆದರೆ ನಮಗೆ ಬೇಕಾದ ನೆರಳನ್ನೇ ಅಳಿಸುತ್ತದೆ. ಈ ಕೆಲಸಕ್ಕೆಂದೇ ಫೋಟೋ ತೆಗೆಯುವುದಾದರೆ ಅದನ್ನು ಆಫ್ ಮಾಡಿಬಿಡುವುದು ಒಳ್ಳೆಯದು. ಇನ್ನೊಂದು ಮಾತು, ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಬಂದ ಚಿತ್ರ ಬೇಡ. ಕಳಿಸುವಾಗ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕುಂಕುಮ ಎಲ್ಲಿ ಹೋಯಿತು?

ಬಣ್ಣದ ಚಿತ್ರವನ್ನು ಬೂದು ಮಾಡುವ ಹಂತವನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಚಿತ್ರ ಕೆಡುವುದು ಹೆಚ್ಚಾಗಿ ಇಲ್ಲೇ.

ಬಣ್ಣದ ಪಿಕ್ಸೆಲ್‌ಗೆ ಒಂದಲ್ಲ, ಮೂರು ಅಂಕಿಗಳಿರುತ್ತವೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು. ಮೂರನ್ನು ಸೇರಿಸಿ ಒಂದೇ ಬೂದು ಅಂಕಿ ಮಾಡಬೇಕು. ಟೀವಿ ಕಾಲದಿಂದ ಬಂದ ಒಂದು ಲೆಕ್ಕದ ಪ್ರಕಾರ ಕೆಂಪಿನ ಶೇ 30, ಹಸಿರಿನ ಶೇ 59, ನೀಲಿಯ ಶೇ 11 ಸೇರಿಸಿದರೆ ನಮ್ಮ ಕಣ್ಣಿಗೆ ಕಾಣುವ ಹೊಳಪಿಗೆ ಹತ್ತಿರ ಬರುತ್ತದೆ. ನಮ್ಮ ಕಣ್ಣು ಹಸಿರಿಗೆ ಜಾಸ್ತಿ ಸ್ಪಂದಿಸುತ್ತದೆ, ಅದಕ್ಕೇ ಹಸಿರಿಗೆ ದೊಡ್ಡ ಪಾಲು.

ಈಗ ತೋಟದಲ್ಲಿ ಕೆಂಪು ಸೀರೆ ಉಟ್ಟು ನಿಂತ ಅಮ್ಮನ ಫೋಟೋ ಇದೆ ಎಂದುಕೊಳ್ಳಿ. ಸೀರೆಯ ಒಂದು ಪಿಕ್ಸೆಲ್‌ನಲ್ಲಿ ಕೆಂಪು 200, ಹಸಿರು 20, ನೀಲಿ 30. ಹಿಂದಿನ ಎಲೆಯ ಒಂದು ಪಿಕ್ಸೆಲ್‌ನಲ್ಲಿ ಕೆಂಪು 60, ಹಸಿರು 90, ನೀಲಿ 40. ಮೇಲಿನ ಲೆಕ್ಕ ಹಾಕಿ ನೋಡಿ. ಎರಡಕ್ಕೂ ಬರುವುದು ಸುಮಾರು 75! ಬಣ್ಣದಲ್ಲಿ ಅಷ್ಟು ಎದ್ದು ಕಾಣುವ ಸೀರೆ, ಬೂದಿನಲ್ಲಿ ಎಲೆಗಳ ಜೊತೆ ಕಲಸಿಹೋಗುತ್ತದೆ. ಥ್ರೆಶೋಲ್ಡ್ ಗೆರೆಯನ್ನು ಎಲ್ಲಿ ಇಟ್ಟರೂ ಎರಡೂ ಒಟ್ಟಿಗೇ ಕಪ್ಪು, ಒಟ್ಟಿಗೇ ಬಿಳಿ.

ಪರಿಹಾರ ಸುಲಭ. ಮೂರನ್ನೂ ಸೇರಿಸುವ ಬದಲು ಕೆಂಪಿನ ಅಂಕಿಯನ್ನು ಮಾತ್ರ ತೆಗೆದುಕೊಳ್ಳಿ. ಸೀರೆ 200, ಎಲೆ 60. ಈಗ ಎರಡೂ ದೂರ ದೂರ. ಗಿಂಪ್‌ನಲ್ಲಿ ಇದನ್ನು ಮಾಡುವುದು ಕಲರ್ಸ್ ಮೆನುವಿನ ಡಿಸ್ಯಾಚುರೇಟ್ ಒಳಗಿರುವ ಮೋನೋ ಮಿಕ್ಸರ್. ಅಲ್ಲಿ ಕೆಂಪನ್ನು 1ಕ್ಕೆ ಇಟ್ಟು ಉಳಿದೆರಡನ್ನು 0 ಮಾಡಿದರೆ ಆಯಿತು. ಫೋಟೋಶಾಪ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಅಥವಾ ಚಾನೆಲ್ ಮಿಕ್ಸರ್ ಇದೇ ಕೆಲಸಕ್ಕೆ ಇವೆ.

ಆದರೆ ಅದೇ ಅಮ್ಮನ ಹಣೆ ನೋಡಿ. ಚರ್ಮದ ಪಿಕ್ಸೆಲ್ ಕೆಂಪು 170, ಹಸಿರು 120, ನೀಲಿ 90 ಇರಬಹುದು. ಕುಂಕುಮ ಸೀರೆಯಷ್ಟೇ ಕೆಂಪು, ಅಂದರೆ 200, 20, 30. ಕೆಂಪಿನ ಅಂಕಿ ಮಾತ್ರ ತೆಗೆದುಕೊಂಡರೆ ಚರ್ಮ 170, ಕುಂಕುಮ 200. ಎರಡೂ ಬಿಳಿಯಾಗುತ್ತವೆ, ಬೊಟ್ಟು ಮಾಯ. ತುಟಿಯೂ ಹೀಗೇ ಸಪ್ಪೆಯಾಗುತ್ತದೆ. ಹಸಿರಿನ ಅಂಕಿ ತೆಗೆದುಕೊಂಡರೆ ಚರ್ಮ 120, ಕುಂಕುಮ 20. ಬೊಟ್ಟು ಅಚ್ಚುಕಟ್ಟಾಗಿ ಕಪ್ಪಾಗಿ ಕೂರುತ್ತದೆ. ನಮ್ಮ ಮೈಬಣ್ಣಗಳಲ್ಲಿ ಕೆಂಪಿನ ಪಾಲು ಹೆಚ್ಚು. ಹಾಗಾಗಿ ಕೆಂಪಿನ ಚಾನೆಲ್‌ನಲ್ಲಿ, ಅಂದರೆ ಕೆಂಪಿನ ಅಂಕಿ ಮಾತ್ರ ತೆಗೆದುಕೊಂಡ ಚಿತ್ರದಲ್ಲಿ, ಮುಖ ಬೆಳ್ಳಗೆ, ನುಣುಪಾಗಿ ಕಾಣುತ್ತದೆ. ನೀಲಿಯಲ್ಲಿ ಮುಖ ಕಪ್ಪಾಗಿ, ಮಚ್ಚೆ, ಕಲೆ ಎಲ್ಲ ಎದ್ದು ಕಾಣುತ್ತವೆ. ಮುಖದ ಚಿತ್ರಕ್ಕೆ ಹಸಿರಿನಿಂದ ಶುರು ಮಾಡಿ, ಬೇಕಾದಷ್ಟು ಕೆಂಪು ಬೆರೆಸುತ್ತಾ ಹೋಗುವುದು ನನಗೆ ಸರಿಯೆನಿಸಿದ ದಾರಿ.

ಗಿಂಪ್‌ನಲ್ಲಿ ಕೈಹಾಕಿದಾಗ

ಫೋಟೋ ತೆರೆದ ಕೂಡಲೇ ಲೇಯರ್ ಮೆನುವಿಗೆ ಹೋಗಿ ಡೂಪ್ಲಿಕೇಟ್ ಲೇಯರ್ ಮಾಡಿಕೊಳ್ಳಿ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಹಾಳೆ. ಮೂಲ ಕೆಳಗೆ ಸುರಕ್ಷಿತವಾಗಿರುತ್ತದೆ. ಮೇಲಿನ ಪ್ರತಿಯನ್ನು ಮೋನೋ ಮಿಕ್ಸರ್‌ನಿಂದ ಬೂದು ಮಾಡಿ. ನಂತರ ಕಲರ್ಸ್ ಮೆನುವಿನ ಲೆವೆಲ್ಸ್ ಅಥವಾ ಕರ್ವ್ಸ್ ತೆರೆದು ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡಿ.

ಈಗ ಸ್ವಲ್ಪ ವಿಚಿತ್ರ ಎನಿಸುವ ಹೆಜ್ಜೆ. ಚಿತ್ರವನ್ನು ಬೇಕೆಂದೇ ಮಸುಕು ಮಾಡಿ. ಫಿಲ್ಟರ್ಸ್ ಮೆನುವಿನ ಬ್ಲರ್ ಒಳಗೆ ಗಾಸಿಯನ್ ಬ್ಲರ್ ಇದೆ. ದೊಡ್ಡ ಫೋಟೋಗೆ ಎರಡು ಮೂರು ಪಿಕ್ಸೆಲ್ ಸಾಕು. ಯಾಕೆಂದರೆ ಚರ್ಮದ ರಂಧ್ರ, ಕ್ಯಾಮೆರಾದ ಕಾಳುಕಾಳು ಇವೆಲ್ಲ ಗೆರೆಯ ಆಸುಪಾಸಿನಲ್ಲಿದ್ದರೆ ಥ್ರೆಶೋಲ್ಡ್ ಆದ ಮೇಲೆ ಮೆಣಸಿನಪುಡಿ ಚೆಲ್ಲಿದಂತೆ ಕಾಣುತ್ತವೆ. ಬ್ಲರ್ ಅಕ್ಕಪಕ್ಕದ ಅಂಕಿಗಳನ್ನು ಸರಾಸರಿ ಮಾಡುತ್ತದೆ. ಕಾಳು ಮಾಯವಾಗುತ್ತದೆ, ಅಂಚು ನಯವಾಗುತ್ತದೆ. ಮಸುಕಾಗಿಬಿಡುತ್ತದೆ ಎಂಬ ಭಯ ಬೇಡ. ಕೊನೆಗೆ ಉಳಿಯುವುದು ಅಚ್ಚ ಕಪ್ಪು ಮತ್ತು ಅಚ್ಚ ಬಿಳಿ ಮಾತ್ರ, ಮಸುಕಿಗೆ ಅಲ್ಲಿ ಜಾಗವಿಲ್ಲ.

ಇದಾದ ಮೇಲೆ ಕಲರ್ಸ್ ಮೆನುವಿನ ಥ್ರೆಶೋಲ್ಡ್. ಗೆರೆಯನ್ನು ಎಳೆದು ಕಣ್ಣು, ಮೂಗು, ಬಾಯಿ ಮೂರೂ ಗುರುತು ಸಿಗುವ ಜಾಗದಲ್ಲಿ ನಿಲ್ಲಿಸಿ. ಉಳಿದ ಸಣ್ಣಪುಟ್ಟ ಮಚ್ಚೆಗಳನ್ನು ಪೆನ್ಸಿಲ್ ಟೂಲ್‌ನಿಂದ ಅಳಿಸಿ. ಬ್ರಶ್ ಬೇಡ, ಪೆನ್ಸಿಲ್ಲೇ ಬೇಕು. ಬ್ರಶ್‌ನ ಅಂಚು ಮೃದು, ಅದು ಮತ್ತೆ ಬೂದು ಪಿಕ್ಸೆಲ್‌ಗಳನ್ನು ತಂದಿಡುತ್ತದೆ.

ಒಂದೇ ಗೆರೆ ಸಾಲದಾದಾಗ

ಬಿಳಿ ಗೋಡೆಯ ಮುಂದೆ ಕೂತ, ಬಿಳಿ ಪೇಟ ಸುತ್ತಿದ ಅಜ್ಜನ ಫೋಟೋ. ಮುಖಕ್ಕೆ 100ರ ಗೆರೆ ಸರಿಯಾಗಿದೆ. ಆದರೆ ಪೇಟ ಪೂರ್ತಿ ಗೋಡೆಯಲ್ಲಿ ಕರಗಿಹೋಗಿದೆ. ಅದನ್ನು ಉಳಿಸಲು ಗೆರೆಯನ್ನು 200ಕ್ಕೆ ಏರಿಸಿದರೆ ಪೇಟದ ಮಡಿಕೆಗಳು ಚೆನ್ನಾಗಿ ಬರುತ್ತವೆ, ಮುಖ ಇದ್ದಿಲಾಗುತ್ತದೆ.

ಆಗ ಎರಡು ಗೆರೆ ಬಳಸಬೇಕು. ಥ್ರೆಶೋಲ್ಡ್ ಮಾಡುವ ಮೊದಲೇ ಬೂದು ಲೇಯರಿನ ಇನ್ನೊಂದು ಪ್ರತಿ ಮಾಡಿ. ಕೆಳಗಿನದಕ್ಕೆ 100, ಮೇಲಿನದಕ್ಕೆ 200. ಮೇಲಿನ ಲೇಯರ್‌ಗೆ ಕಪ್ಪು ಬಣ್ಣದ ಲೇಯರ್ ಮಾಸ್ಕ್ ಸೇರಿಸಿದರೆ ಅದು ಪೂರ್ತಿ ಮರೆಯಾಗುತ್ತದೆ. ಮಾಸ್ಕ್‌ನಲ್ಲಿ ಕಪ್ಪು ಇದ್ದ ಕಡೆ ಲೇಯರ್ ಅಡಗುತ್ತದೆ, ಬಿಳಿ ಇದ್ದ ಕಡೆ ಕಾಣುತ್ತದೆ. ಈಗ ಮಾಸ್ಕ್ ಮೇಲೆ ಪೇಟ ಇರುವ ಜಾಗದಲ್ಲಿ ಮಾತ್ರ ಬಿಳಿ ಪೆನ್ಸಿಲ್ ಆಡಿಸಿ. ಮಡಿಕೆಗಳು ಒಂದೊಂದಾಗಿ ಮೇಲೆ ಬರುತ್ತವೆ, ಮುಖ ಹಾಗೇ ಇರುತ್ತದೆ. ಕಪ್ಪು ಗಡ್ಡ, ಕಪ್ಪು ಕೂದಲಿಗೂ ಇದೇ ಉಪಾಯ, ಗೆರೆ ಮಾತ್ರ ಇನ್ನೂ ಕೆಳಗೆ ಇಡಬೇಕು. ಸ್ಟಿಕರ್ ಅಂಗಡಿಗಳಲ್ಲಿ ಅಚ್ಚುಕಟ್ಟಾಗಿ ಕಾಣುವ ಮುಖಗಳ ಹಿಂದೆ ಇಂಥ ಎರಡು ಮೂರು ಗೆರೆಗಳ ಕೆಲಸ ಇರುತ್ತದೆ, ಇಲ್ಲವೇ ಕೈಯಲ್ಲಿ ತಿದ್ದಿದ ಕೆಲಸ.

ಎಲ್ಲ ಅಂಚೂ ಪೂರ್ತಿಯಾಗಬೇಕೆಂದು ಹಟ ಹಿಡಿಯುವುದೂ ಬೇಡ. ಕೆನಡಾದ ಮನಶ್ಶಾಸ್ತ್ರಜ್ಞ ಕ್ರೇಗ್ ಮೂನಿ 1957ರಲ್ಲಿ ಬರೀ ಕಪ್ಪು ಬಿಳಿ ತುಂಡುಗಳಿಂದಾದ ಮುಖಗಳನ್ನು ಜನರಿಗೆ ತೋರಿಸಿ ಪರೀಕ್ಷೆ ಮಾಡಿದರು. ಇಂಥ ಚಿತ್ರಗಳನ್ನು ಇವತ್ತಿಗೂ ಮೂನಿ ಮುಖಗಳು ಎಂದೇ ಕರೆಯುತ್ತಾರೆ. ಮುಖದ ಹೊರಗೆರೆ ಅರ್ಧ ಇಲ್ಲದಿದ್ದರೂ ಮಿದುಳು ಅದನ್ನು ತುಂಬಿಕೊಂಡು ಮುಖ ಕಾಣುತ್ತದೆ. ಅಜ್ಜನ ಒಂದು ಕಡೆಯ ಕೆನ್ನೆ ಗೋಡೆಯಲ್ಲಿ ಸೇರಿಹೋಗಿದ್ದರೆ ಬಿಟ್ಟುಬಿಡಿ. ಅಲ್ಲಿ ಗೆರೆ ಎಳೆದರೆ ಚಿತ್ರ ಇನ್ನೂ ಪೆದ್ದಾಗಿ ಕಾಣುತ್ತದೆ.

ಪೂರ್ತಿ ನೆರಳು ಬೇಕಿದ್ದರೆ

ಇದಕ್ಕೆ ಥ್ರೆಶೋಲ್ಡ್ ಬೇಕಿಲ್ಲ. ಬೇಕಾದದ್ದು ಆಕೃತಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಕೆಲಸ. ಗಿಂಪ್‌ನ ಫೋರ್‌ಗ್ರೌಂಡ್ ಸೆಲೆಕ್ಟ್ ಟೂಲ್‌ನಲ್ಲಿ ಆಕೃತಿಯ ಸುತ್ತ ಒರಟಾಗಿ ಗೆರೆ ಎಳೆದು, ಒಳಗೆ ಒಂದಿಷ್ಟು ಗೀಚಿದರೆ ಅದು ಉಳಿದದ್ದನ್ನು ಊಹಿಸುತ್ತದೆ. ನಿಖರವಾಗಿ ಬೇಕಿದ್ದರೆ ಪಾತ್ಸ್ ಟೂಲ್‌ನಲ್ಲಿ ಚುಕ್ಕಿ ಇಡುತ್ತಾ ಸುತ್ತು ಬರಬೇಕು. ಆಯ್ಕೆಯಾದ ಮೇಲೆ ಹೊಸ ಲೇಯರ್‌ನಲ್ಲಿ ಕಪ್ಪು ತುಂಬಿ. ಮೊಬೈಲ್‌ನಲ್ಲೇ ಹಿನ್ನೆಲೆ ತೆಗೆದ ಚಿತ್ರ ಇದ್ದರೆ ಇನ್ನೂ ಸುಲಭ. ಆ ಲೇಯರಿನ ಪಾರದರ್ಶಕ ಭಾಗವನ್ನು ಲಾಕ್ ಮಾಡಿ ಕಪ್ಪು ತುಂಬಿದರೆ ಆಕೃತಿ ಮಾತ್ರ ಕಪ್ಪಾಗುತ್ತದೆ. ಸಂಜೆ ಆಕಾಶಕ್ಕೆ ಎದುರಾಗಿ ತೆಗೆದ ಫೋಟೋ ಆದರೆ ಮಾತ್ರ ಇಲ್ಲೂ ಥ್ರೆಶೋಲ್ಡ್ ಸಾಕು, ಸೂರ್ಯನೇ ಅರ್ಧ ಕೆಲಸ ಮಾಡಿಕೊಟ್ಟಿರುತ್ತಾನೆ.

ಇಲ್ಲಿ ಭಂಗಿಯೇ ಎಲ್ಲ. ಎದೆಯ ಮುಂದೆ ಕೈಮುಗಿದು ನಿಂತವರನ್ನು ಎದುರಿನಿಂದ ತೆಗೆದಿದ್ದರೆ ಕೈಗಳು ಎದೆಯ ಕಪ್ಪಿನಲ್ಲಿ ಮುಳುಗಿ ಕಂಬ ನಿಂತಂತೆ ಕಾಣುತ್ತದೆ. ಅದೇ ಪಕ್ಕದಿಂದ ತೆಗೆದರೆ ಮೂಗು, ಗಲ್ಲ, ಮುಗಿದ ಕೈ ಎಲ್ಲ ಹೊರಗೆರೆಯಲ್ಲಿ ಬರುತ್ತವೆ. ಕುಣಿಯುವವರ ಕೈ ಮತ್ತು ಸೊಂಟದ ನಡುವೆ ಬೆಳಕು ತೂರುವ ಸಂದು ಇರಬೇಕು.

ಕಪ್ಪು ಬಟ್ಟೆಯ ಮೇಲೆ ಬಿಳಿ ಇಂಕು

ಜನ ಜಾಸ್ತಿ ಎಡವುವುದು ಇಲ್ಲಿ. ಬಿಳಿ ಬಟ್ಟೆಗೆ ಮಾಡಿದ ಫೈಲನ್ನೇ ಕಪ್ಪು ಟೀಶರ್ಟ್‌ಗೆ ಬಿಳಿ ಇಂಕಿನಲ್ಲಿ ಹಾಕಿಸುತ್ತಾರೆ. ಕೂದಲು ಬಿಳಿ, ಮುಖ ಕಪ್ಪು, ಕಣ್ಣಿನಲ್ಲಿ ಬಿಳಿ ಗುಡ್ಡೆ. ಹಳೆಯ ಫೋಟೋ ನೆಗೆಟಿವ್‌ನಂತೆ ಕಂಡು, ಮನೆಯವರಿಗೇ ಗುರುತು ಸಿಗುವುದಿಲ್ಲ. ಬೆಳಕು ನೆರಳು ಅದಲುಬದಲಾದರೆ ಮುಖ ಗುರುತಿಸುವುದು ನಮಗೆ ಕಷ್ಟ.

ಸ್ಕ್ರೀನ್ ಪ್ರಿಂಟಿಂಗ್‌ನವರ ಲೆಕ್ಕದಲ್ಲಿ ಫೈಲಿನಲ್ಲಿ ಕಪ್ಪಿದ್ದ ಕಡೆ ಇಂಕ್ ಬೀಳುತ್ತದೆ. ಕಪ್ಪು ಬಟ್ಟೆಯಲ್ಲಿ ನೆರಳನ್ನು ಬಟ್ಟೆಯೇ ಕೊಡುತ್ತದೆ, ಇಂಕ್ ಬೀಳಬೇಕಾದದ್ದು ಬೆಳಕಿನ ಭಾಗಕ್ಕೆ. ಆದ್ದರಿಂದ ಫೈಲನ್ನು ಕಲರ್ಸ್ ಮೆನುವಿನ ಇನ್ವರ್ಟ್‌ನಿಂದ ಉಲ್ಟಾ ಮಾಡಿ ಕೊಡಬೇಕು. ಪರದೆಯ ಮೇಲೆ ಭೂತದ ಹಾಗೆ ಕಾಣುತ್ತದೆ, ಬಟ್ಟೆಯ ಮೇಲೆ ಸರಿಯಾಗಿ ಬರುತ್ತದೆ. ಆದರೆ ಉಲ್ಟಾ ಮಾಡುವ ಮೊದಲು ಹಿನ್ನೆಲೆಯನ್ನು ಕಪ್ಪು ಮಾಡಿಕೊಳ್ಳಲೇಬೇಕು. ಮರೆತರೆ ಬಿಳಿ ಗೋಡೆಯೂ ಬೆಳಕಿನ ಭಾಗವೇ ಅಲ್ವಾ? ತಲೆಯ ಸುತ್ತ ದೊಡ್ಡ ಬಿಳಿ ಚೌಕ ಅಚ್ಚಾಗುತ್ತದೆ. ಕಾರಿನ ಕಪ್ಪು ಗಾಜಿಗೆ ಬಿಳಿ ಸ್ಟಿಕರ್ ಅಂಟಿಸುವಾಗಲೂ ಇದೇ ನಿಯಮ. ಪೂರ್ತಿ ನೆರಳಿನ ಚಿತ್ರಕ್ಕೆ ಈ ತೊಂದರೆ ಇಲ್ಲ. ಎನ್‌ಬಿಎ ಆಟಗಾರ ಬಿಳಿಯಾಗಿದ್ದರೂ ಆಟಗಾರನೇ.

ಕಪ್ಪು ಬಿಳಿ ಬದಲು ಬೇರೆ ಎರಡು ಬಣ್ಣ ಬೇಕಿದ್ದರೆ ಹೇಗೆ ಕಾಣುತ್ತದೆಂದು ಮೊದಲೇ ನೋಡಬಹುದು. ಗಿಂಪ್‌ನ ಬಣ್ಣದ ಡಬ್ಬಿಯಲ್ಲಿ ಮುಂದಿನ ಬಣ್ಣ ಕೆಂಪು, ಹಿಂದಿನ ಬಣ್ಣ ಹಳದಿ ಇಟ್ಟು, ಮುಂದಿನದರಿಂದ ಹಿಂದಿನದಕ್ಕೆ ಹೋಗುವ ಗ್ರೇಡಿಯೆಂಟ್ ಆರಿಸಿ, ಕಲರ್ಸ್ ಮೆನುವಿನ ಮ್ಯಾಪ್ ಒಳಗಿನ ಗ್ರೇಡಿಯೆಂಟ್ ಮ್ಯಾಪ್ ಒತ್ತಿ. ಕಪ್ಪೆಲ್ಲ ಕೆಂಪು, ಬಿಳಿಯೆಲ್ಲ ಹಳದಿ. ಈ ಜೋಡಿ ಚೆನ್ನಾಗಿ ಕಾಣಲು ಕಾರಣವಿದೆ. ಮೇಲಿನ ಟೀವಿ ಲೆಕ್ಕದಲ್ಲಿ ಅಚ್ಚ ಹಳದಿಯ ಹೊಳಪು 227, ಅಚ್ಚ ಕೆಂಪಿನದು 76. ಕಪ್ಪು ಬಿಳಿಯಷ್ಟಲ್ಲದಿದ್ದರೂ ಸಾಕಷ್ಟು ಅಂತರ ಇದೆ. ಹೊಳಪಿನಲ್ಲಿ ಹತ್ತಿರವಿರುವ ಕೆಂಪು ಮತ್ತು ಕಡು ಹಸಿರನ್ನು ಜೋಡಿ ಮಾಡಿದರೆ ಮುಖ ಕಲಸಿಹೋಗುತ್ತದೆ.

ಪಿಕ್ಸೆಲ್‌ನಿಂದ ಗೆರೆಗೆ

ಇಲ್ಲಿಯವರೆಗಿನ ಚಿತ್ರ ಚೌಕಗಳಿಂದ ಆದದ್ದು. ದೊಡ್ಡದು ಮಾಡಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ವೆಕ್ಟರ್ ಚಿತ್ರ ಹಾಗಲ್ಲ. ಅದರಲ್ಲಿ ಇಂಥ ಬಿಂದುವಿನಿಂದ ಇಂಥ ಬಿಂದುವಿಗೆ ಇಷ್ಟು ಬಾಗಿದ ಗೆರೆ ಎಂಬ ಲೆಕ್ಕ ಇರುತ್ತದೆ. ಎಷ್ಟು ದೊಡ್ಡದು ಮಾಡಿದರೂ ನಯವಾಗಿಯೇ ಇರುತ್ತದೆ. ಸ್ಟಿಕರ್ ಯಂತ್ರದ ಬ್ಲೇಡ್ ಓಡುವುದು ಈ ಗೆರೆಯ ಮೇಲೆ.

ಗಿಂಪ್‌ನಲ್ಲಿ ಮುಗಿಸಿದ ಚಿತ್ರವನ್ನು ಇಂಕ್‌ಸ್ಕೇಪ್‌ಗೆ ತಂದು, ಅದನ್ನು ಆರಿಸಿ, ಪಾತ್ ಮೆನುವಿನ ಟ್ರೇಸ್ ಬಿಟ್‌ಮ್ಯಾಪ್ ತೆರೆಯಿರಿ. ಒಳಗೆ ಕೆಲಸ ಮಾಡುವುದು ಪೀಟರ್ ಸೆಲಿಂಗರ್ ಬರೆದ ಪೋಟ್ರೇಸ್ ಎಂಬ ಪ್ರೋಗ್ರಾಂ. ಸ್ಪೆಕಲ್ಸ್ ಎಂಬ ಆಯ್ಕೆ ಹೆಚ್ಚಿಸಿದರೆ ಉಳಿದ ಸಣ್ಣ ಮಚ್ಚೆಗಳು ಹೋಗುತ್ತವೆ. ಹೊಸ ಚಿತ್ರ ಹಳೆಯದರ ಮೇಲೇ ಕೂತಿರುತ್ತದೆ. ಏನೂ ಆಗಲಿಲ್ಲ ಎಂದುಕೊಳ್ಳಬೇಡಿ, ಎಳೆದು ಪಕ್ಕಕ್ಕಿಟ್ಟು ಹಳೆಯದನ್ನು ಅಳಿಸಿ. ಬಿಂದುಗಳು ಜಾಸ್ತಿ ಇದ್ದರೆ ಬ್ಲೇಡ್ ತಡವರಿಸುತ್ತದೆ, ಅದಕ್ಕೆ ಪಾತ್ ಮೆನುವಿನ ಸಿಂಪ್ಲಿಫೈ ಇದೆ. ಒಮ್ಮೆ ಒತ್ತಿ ನೋಡಿ. ಮತ್ತೆ ಮತ್ತೆ ಒತ್ತಿದರೆ ಕಣ್ಣಿನ ಚೂಪು ತುದಿ ಗುಂಡಗಾಗಿ ಮುಖದ ಕಳೆಯೇ ಬದಲಾಗುತ್ತದೆ. ಕೋರೆಲ್‌ಡ್ರಾದ ಪವರ್‌ಟ್ರೇಸ್, ಇಲ್ಲಸ್ಟ್ರೇಟರ್‌ನ ಇಮೇಜ್ ಟ್ರೇಸ್ ಇದೇ ಕೆಲಸ ಮಾಡುತ್ತವೆ.

ಗೋಡೆಗೆ ಬಣ್ಣ ಊದುವ ಸ್ಟೆನ್ಸಿಲ್ ಮಾಡುವುದಾದರೆ ಒಂದು ಎಚ್ಚರ. ಕಪ್ಪು ಭಾಗವನ್ನೆಲ್ಲ ಕತ್ತರಿಸಿ ತೆಗೆಯುವುದರಿಂದ, ಸುತ್ತಲೂ ಕಪ್ಪು ಆವರಿಸಿದ ಬಿಳಿ ತುಂಡು ಹಿಡಿದುಕೊಳ್ಳಲು ಏನೂ ಇಲ್ಲದೆ ಉದುರುತ್ತದೆ. ನೆರಳಿನ ನಡುವೆ ಹೊಳೆಯುವ ಕಣ್ಣಿನ ಬಿಳಿ ಹೀಗೆ ಬೀಳುತ್ತದೆ. ಅದನ್ನು ಹೊರಗಿನ ಬಿಳಿಗೆ ಸೇರಿಸುವ ಒಂದು ಸಣ್ಣ ಸೇತುವೆ ಬಿಡಬೇಕು. ಸ್ಟಿಕರ್‌ಗೆ ಈ ಚಿಂತೆ ಇಲ್ಲ. ಬೇಡದ ವಿನೈಲ್ ಕಿತ್ತ ಮೇಲೆ ಉಳಿದ ಬಿಡಿ ತುಂಡುಗಳನ್ನು ಮೇಲೆ ಅಂಟಿಸುವ ಟೇಪ್ ಹಿಡಿದಿಟ್ಟುಕೊಂಡು ಗಾಜಿಗೆ ದಾಟಿಸುತ್ತದೆ.

ಫೋಟೋ ಯಾರದು?

ಎರಡು ಬಣ್ಣಕ್ಕೆ ಇಳಿಸಿದ ಮಾತ್ರಕ್ಕೆ ಫೋಟೋ ನಮ್ಮದಾಗುವುದಿಲ್ಲ. ಚೆ ಚಿತ್ರಕ್ಕೆ ದಶಕಗಳ ಕಾಲ ಹಣ ಕೇಳದ ಕೊರ್ಡಾ, 2000ದಲ್ಲಿ ವೋಡ್ಕಾ ಜಾಹೀರಾತಿಗೆ ಅದನ್ನು ಬಳಸಿದಾಗ ಮೊಕದ್ದಮೆ ಹೂಡಿದರು. ರಾಜಿಯಲ್ಲಿ ಬಂದ 50,000 ಡಾಲರನ್ನು ಕ್ಯೂಬಾದ ಆರೋಗ್ಯ ವ್ಯವಸ್ಥೆಗೆ ಕೊಟ್ಟರು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, 2012ರ ತಿದ್ದುಪಡಿಯ ನಂತರ, ಫೋಟೋದ ಹಕ್ಕು ಅದನ್ನು ತೆಗೆದವರು ಬದುಕಿರುವಷ್ಟು ಕಾಲ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಮಾರಾಟಕ್ಕೆ ಟೀಶರ್ಟ್ ಮಾಡುವವರು ಫೋಟೋ ತೆಗೆದವರ ಒಪ್ಪಿಗೆ ಪಡೆಯಬೇಕು.

ಅಂಗಡಿಗೆ ಕೊಡುವ ಫೈಲ್

ಕೆಲಸವನ್ನು ಜೆಪೆಗ್‌ನಲ್ಲಿ ಉಳಿಸಬೇಡಿ. ಅದು ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ತುಂಡು ಮಾಡಿ ಕುಗ್ಗಿಸುತ್ತದೆ, ಚೂಪಾದ ಅಂಚಿನ ಸುತ್ತ ಬೂದು ಕಸ ಬಿಡುತ್ತದೆ. ಪಿಎನ್‌ಜಿ ಹಾಗೆ ಮಾಡುವುದಿಲ್ಲ. ಮುದ್ರಣಕ್ಕೆ ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕ ಇಟ್ಟುಕೊಂಡರೆ, 8 ಇಂಚು ಅಗಲದ ಚಿತ್ರಕ್ಕೆ 2,400 ಪಿಕ್ಸೆಲ್ ಬೇಕು. ವೆಕ್ಟರ್ ಮಾಡಿದ್ದರೆ ಎಸ್‌ವಿಜಿ ಅಥವಾ ಪಿಡಿಎಫ್ ಕೊಡಿ. ಕೊಡುವ ಮುನ್ನ ಅದನ್ನು ನಿಜವಾದ ಅಳತೆಯಲ್ಲಿ ಮಾಮೂಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಪರದೆಯಲ್ಲಿ ಚೆನ್ನಾಗಿ ಕಂಡ ಹುಬ್ಬಿನ ಸಣ್ಣ ಕೂದಲು ಅಲ್ಲಿಂದ ಕಾಣದಿದ್ದರೆ ಅದನ್ನು ತೆಗೆದುಹಾಕಿ. ಅಷ್ಟು ಸಣ್ಣದು ಜಾಲರಿಯಲ್ಲೂ ನಿಲ್ಲುವುದು ಕಷ್ಟ.